ಹೊಳೆಯುವ ತಂತಿಯನ್ನು ನಂಬಬೇಡಿ: ಬಿಸಿ ಕಡಲಿನಲ್ಲಿ ಹಾಯಿದೋಣಿಯ ರಿಗ್ಗಿಂಗ್ ಬದಲಾಯಿಸುವುದು

ಹಾಯಿದೋಣಿಯನ್ನು ದೂರದಿಂದ ನೋಡಿದವರಿಗೆ ಕೂವೆಮರ, ಅಂದರೆ ಮಾಸ್ಟ್, ತನ್ನ ಕಾಲ ಮೇಲೆ ತಾನೇ ನಿಂತಿದೆ ಅನಿಸುತ್ತದೆ. ಬಹುಪಾಲು ದೋಣಿಗಳಲ್ಲಿ ಹಾಗಿಲ್ಲ. ಅದನ್ನು ಹಿಡಿದು ನಿಲ್ಲಿಸಿರುವುದು ಸುತ್ತಲೂ ಬಿಗಿದ ಕೆಲವು ತಂತಿಗಳು. ಮುಂದಕ್ಕೆ ಎಳೆಯುವುದು ಫೋರ್‌ಸ್ಟೇ, ಹಿಂದಕ್ಕೆ ಎಳೆಯುವುದು ಬ್ಯಾಕ್‌ಸ್ಟೇ, ಎಡಬಲಕ್ಕೆ ಹಿಡಿಯುವವು ಶ್ರೌಡ್‌ಗಳು. ಹಾಯಿ ಏರಿಸಿ ಇಳಿಸುವ ಹಗ್ಗಗಳಂತೆ ಇವು ಓಡಾಡುವುದಿಲ್ಲ, ಕಟ್ಟಿದ ಜಾಗದಲ್ಲೇ ಇರುತ್ತವೆ. ಅದಕ್ಕೇ ಇದಕ್ಕೆ ಸ್ಟ್ಯಾಂಡಿಂಗ್ ರಿಗ್ಗಿಂಗ್ ಅನ್ನುವ ಹೆಸರು. ಗಾಳಿ ಜೋರಾಗಿರುವಾಗ ಇದರಲ್ಲಿ ಒಂದೇ ಒಂದು ತಂತಿ, ಅಥವಾ ಆ ತಂತಿಯನ್ನು ಹಿಡಿದಿರುವ ಬೆರಳುದ್ದದ ಒಂದು ಪಿನ್ನು ಕೈಕೊಟ್ಟರೂ ಸಾಕು, ಇಡೀ ಮಾಸ್ಟ್ ನೀರಿಗೆ ಬೀಳಬಹುದು.

ಈ ತಂತಿಗಳ ಆಯಸ್ಸು 10 ವರ್ಷ ಅಂತ ದೋಣಿಯವರ ನಡುವೆ ಒಂದು ಮಾತಿದೆ. ಅನೇಕ ವಿಮಾ ಕಂಪನಿಗಳೂ ಹೆಚ್ಚುಕಮ್ಮಿ ಇದೇ ಗೆರೆ ಹಾಕಿಕೊಂಡಿರುತ್ತವೆ. ಆದರೆ ತಣ್ಣನೆಯ ಕಡಲಿನ ದೋಣಿಗೂ ಬಿಸಿ ಕಡಲಿನ ದೋಣಿಗೂ ಒಂದೇ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಚಳಿನಾಡಿನ ದೋಣಿಗಳು ವರ್ಷದಲ್ಲಿ ಎಷ್ಟೋ ತಿಂಗಳು ದಡದ ಮೇಲೆ ಕೂತಿರುತ್ತವೆ, ಕೆಲವರು ಮಾಸ್ಟನ್ನೇ ಕಳಚಿ ಒಳಗಿಡುತ್ತಾರೆ. ಉಷ್ಣವಲಯದ ದೋಣಿಗೆ ಆ ರಜೆ ಇಲ್ಲ. ಲಂಗರು ಹಾಕಿ ನಿಂತಿದ್ದರೂ ಅದು ಅಲೆಗೆ ಓಲಾಡುತ್ತಲೇ ಇರುತ್ತದೆ. ಒಂದೊಂದು ಓಲಾಟಕ್ಕೂ ತಂತಿ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ.

ಇದರ ಮೇಲೆ ಉಪ್ಪು. ಕಡಲ ನೀರಿನಲ್ಲಿ ಉಪ್ಪಿನ ಪಾಲು ಸುಮಾರು 3.5 ಶೇಕಡಾ. ತಂತಿಗೆ ಹಾರಿದ ತುಂತುರು ಬಿಸಿಲಿಗೆ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ನೀರು ಹೋಗಿ ಉಪ್ಪು ಉಳಿಯುತ್ತದೆ. ರಾತ್ರಿಯ ತೇವಕ್ಕೆ ಆ ಉಪ್ಪು ಮತ್ತೆ ಕರಗುತ್ತದೆ, ಆದರೆ ಈಗ ಅದು ಕಡಲ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿಯಾದ ಉಪ್ಪುನೀರು. ಹಗಲು ಒಣಗುವುದು, ರಾತ್ರಿ ನೆನೆಯುವುದು, ದಿನಾ ಇದೇ. ಬಿಸಿ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟು ಚುರುಕಾಗುತ್ತದೆ ಅನ್ನುವ ಒಂದು ಒರಟು ಲೆಕ್ಕವಿದೆ. ಅದನ್ನು ಇಲ್ಲಿಗೆ ಹಚ್ಚಿ ನೋಡಿದರೆ ಬಿಸಿ ಕಡಲಿನಲ್ಲಿ ಇದೇ ತಂತಿ ಬೇಗ ಮುದಿಯಾಗುವುದು ಯಾಕೆ ಅಂತ ತಿಳಿಯುತ್ತದೆ. ನನ್ನನ್ನು ಕೇಳಿದರೆ 7 ವರ್ಷ ದಾಟಿದಾಗ ಬದಲಾಯಿಸುವ ಯೋಚನೆ ಶುರು ಮಾಡಬೇಕು, 10ನೇ ವರ್ಷ ದಾಟಿಸಲೇಬಾರದು.

ಇಲ್ಲಿ ಎಲ್ಲರಿಗೂ ಒಂದು ಪ್ರಶ್ನೆ ಬರುತ್ತದೆ. ತಂತಿ ಸ್ಟೇನ್‌ಲೆಸ್ ಅಲ್ವಾ, ತುಕ್ಕು ಹೇಗೆ ಹಿಡಿಯುತ್ತದೆ?

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಇರುತ್ತದೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಆ ಪೊರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಗೀರು ಬಿದ್ದರೂ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಗಾಯದ ಮೇಲೆ ಹಕ್ಕಳೆ ಕಟ್ಟಿದ ಹಾಗೆ. ಆದರೆ ಅದಕ್ಕೆ ಆಮ್ಲಜನಕ ಸಿಗುತ್ತಲೇ ಇರಬೇಕು. ಗಾಳಿ ಆಡದ ಒಂದು ಸಂದಿನಲ್ಲಿ ಉಪ್ಪುನೀರು ಸೇರಿ ನಿಂತರೆ ಅಲ್ಲಿನ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ಪೊರೆ ಮತ್ತೆ ಕಟ್ಟುವುದಿಲ್ಲ, ಉಪ್ಪಿನ ಕ್ಲೋರೈಡ್ ಅಲ್ಲೇ ಜಾಸ್ತಿಯಾಗುತ್ತ ಹೋಗಿ ನೀರು ಆಮ್ಲದಂತಾಗುತ್ತದೆ, ಲೋಹ ಒಳಗಿಂದ ಕರಗಲು ಶುರುವಾಗುತ್ತದೆ. ಹೊರಗೆ ಬಯಲಲ್ಲಿರುವ ತಂತಿ ಮಾತ್ರ ಥಳಥಳ ಹೊಳೆಯುತ್ತಲೇ ಇರುತ್ತದೆ.

ಇನ್ನೊಂದು ಕಾಟ ಸ್ಟ್ರೆಸ್ ಕೊರೋಷನ್. ಸದಾ ಎಳೆತದಲ್ಲಿರುವ ಲೋಹ, ಕ್ಲೋರೈಡ್, ಬಿಸಿ, ಈ ಮೂರೂ ಒಂದೆಡೆ ಸೇರಿದರೆ ಲೋಹದೊಳಗೆ ಬಿರುಕು ಹುಟ್ಟಿ ಬೇರಿನಂತೆ ಕವಲೊಡೆಯುತ್ತ ಹೋಗುತ್ತದೆ. ಲೋಹ ಸವೆಯುವುದೂ ಇಲ್ಲ, ತೆಳ್ಳಗಾಗುವುದೂ ಇಲ್ಲ. ಒಂದು ದಿನ ಪಟ್ ಅಂತ ಮುರಿಯುತ್ತದೆ. ರಿಗ್ಗಿಂಗ್ ಎಳೆತದಲ್ಲೇ ಬದುಕುವ ವಸ್ತು, ಉಪ್ಪು ಮತ್ತು ಬಿಸಿ ಎರಡನ್ನೂ ಉಷ್ಣವಲಯ ಕೊಡುತ್ತದೆ.

ಹಿಂದಿನ ಕಾಲದ ಗ್ಯಾಲ್ವನೈಸ್ಡ್, ಅಂದರೆ ಸತು ಲೇಪಿಸಿದ ಉಕ್ಕಿನ ತಂತಿಗೆ ಒಂದು ಒಳ್ಳೆಯ ಗುಣವಿತ್ತು. ಅದಕ್ಕೆ ಎಣ್ಣೆ ಹಚ್ಚುತ್ತಿರಬೇಕಿತ್ತು, ಕೈಯೆಲ್ಲ ಜಿಡ್ಡು, ನಿಜ. ಆದರೆ ಅದು ಕೆಡುವಾಗ ಮೈಯೆಲ್ಲ ಕೆಂಪಾಗಿ ಹೇಳಿ ಕೆಡುತ್ತಿತ್ತು. ಸ್ಟೇನ್‌ಲೆಸ್ ಹಾಗೆ ಹೇಳುವುದಿಲ್ಲ, ಅಥವಾ ಬಹಳ ಮೆಲ್ಲಗೆ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳಲು ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು.

ನೋಡಬೇಕಾದ ಮೊದಲ ಜಾಗ ತಂತಿಯ ಕೆಳತುದಿ. ಸಾಮಾನ್ಯ ದೋಣಿಯ ತಂತಿಯನ್ನು 1×19 ಅನ್ನುತ್ತಾರೆ. ನಡುವೆ ಒಂದು ಎಳೆ, ಅದರ ಸುತ್ತ 6, ಅದರ ಸುತ್ತ 12, ಒಟ್ಟು 19. ಈ ತಂತಿಯ ತುದಿಯನ್ನು ಒಂದು ಉಕ್ಕಿನ ಕೊಳವೆಯೊಳಗೆ ತೂರಿಸಿ ಯಂತ್ರದಲ್ಲಿ ಒತ್ತಿ ಬಿಗಿಯುತ್ತಾರೆ. ಇದು ಸ್ವೇಜ್. ಮಾಸ್ಟಿನ ತುದಿಯಲ್ಲಿರುವ ಸ್ವೇಜಿನ ಬಾಯಿ ಕೆಳಮುಖವಾಗಿರುತ್ತದೆ, ನೀರು ಸೋರಿ ಹೋಗುತ್ತದೆ. ಡೆಕ್ಕಿನ ಹತ್ತಿರ ಇರುವುದರ ಬಾಯಿ ಮೇಲ್ಮುಖ. ತಂತಿಯ ಮೇಲೆ ಬಿದ್ದ ಪ್ರತಿ ಹನಿಯೂ ಎಳೆಗಳ ನಡುವಿನ ಸಂದಿನಲ್ಲಿ ಜಾರಿ ಜಾರಿ ಬಂದು ಆ ಬಾಯೊಳಗೆ ಇಳಿಯುತ್ತದೆ. ಅದು ತಳವಿರುವ ಲೋಟದ ಹಾಗೆ, ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಆಮೇಲೆ ಬಿಸಿಲು ನೀರನ್ನು ಕುಡಿದು ಉಪ್ಪನ್ನು ಬಿಟ್ಟು ಹೋಗುತ್ತದೆ.

ಬಿಚ್ಚಿದ ಹಳೆಯ ಸ್ವೇಜ್ ಒಂದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿ. ಹೊರಮೈ ಹೊಸದರಂತೆ ನುಣುಪಾಗಿದ್ದರೂ ಬಾಯಿಯಿಂದ ಒಂದೆರಡು ಬೆರಳು ಒಳಗೆ ಎಳೆಗಳ ನಡುವೆ ಕಾಫಿಪುಡಿಯಂಥ ಕಂದುಪುಡಿ ತುಂಬಿರುವುದುಂಟು. ಅಲ್ಲಿ ಎಳೆಗಳ ಮೈ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳು. ಈ ಬೆರಳುದ್ದದ ಜಾಗವೇ ಬಹುಪಾಲು ರಿಗ್ಗಿಂಗ್ ಸಾಯುವ ಜಾಗ.

ಹಾಗಾಗಿ ಬಾಯಿಯ ಸುತ್ತ ಕಂದು ಕಲೆ ಇಳಿದಿದೆಯಾ ನೋಡಿ. ಕಲೆ ಇದ್ದ ಮಾತ್ರಕ್ಕೆ ತಂತಿ ಹೋಯಿತು ಅಂತಲ್ಲ, ಮೇಲ್ಮೈಯ ಬರೀ ಕಲೆಯೂ ಇರಬಹುದು. ಒರೆಸಿ, ತೊಳೆದು, ಮತ್ತೆ ಅದೇ ಜಾಗದಲ್ಲಿ ಬಂದರೆ ಒಳಗಿಂದ ಬರುತ್ತಿದೆ ಅಂತ ಅರ್ಥ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಸ್ವೇಜಿನ ಕೊಳವೆಯ ಮೇಲೆ ಉದ್ದುದ್ದ ಕೂದಲೆಳೆಯಂಥ ಬಿರುಕು ಇದೆಯಾ ಹುಡುಕಿ. ಕೊಳವೆ ಬಾಳೆಹಣ್ಣಿನಂತೆ ಸ್ವಲ್ಪ ಬಾಗಿದ್ದರೆ ಅದು ಒತ್ತುವಾಗಲೇ ಆದ ತಪ್ಪು, ಬದಲಾಯಿಸಿ. ಆಮೇಲೆ ತಂತಿಯ ಉದ್ದಕ್ಕೂ ಒಂದು ಹತ್ತಿಬಟ್ಟೆಯನ್ನು ಎಳೆಯಿರಿ. ಬರಿಗೈಯಲ್ಲಿ ಮಾತ್ರ ಸವರಬೇಡಿ. ಮುರಿದ ಎಳೆಯ ತುದಿ ಮೀನಿನ ಗಾಳದಷ್ಟು ಚೂಪು, ಕೈ ಸೀಳಿಬಿಡುತ್ತದೆ. ಬಟ್ಟೆಯಾದರೆ ಸಿಕ್ಕಿಕೊಂಡು ತಾನೇ ಹೇಳುತ್ತದೆ. 19ರಲ್ಲಿ ಒಂದು ಎಳೆ ಮುರಿದಿದ್ದರೂ ಆ ತಂತಿಯ ಕೆಲಸ ಮುಗಿಯಿತು. ಉಳಿದ 18 ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅವೂ ಅಷ್ಟೇ ವಯಸ್ಸಿನವು, ಅಷ್ಟೇ ಉಪ್ಪು ತಿಂದವು. ಅವಳಿ ಶ್ರೌಡ್ ಇನ್ನೊಂದು ಬದಿಯಲ್ಲಿ ಚೆನ್ನಾಗಿ ಕಂಡರೂ ಅದನ್ನೂ ಬಿಚ್ಚಿ.

ಎರಡನೇ ಜಾಗ ಚೈನ್‌ಪ್ಲೇಟ್. ತಂತಿಯ ಎಳೆತವನ್ನು ದೋಣಿಯ ಮೈಗೆ ದಾಟಿಸುವ ಉಕ್ಕಿನ ಪಟ್ಟಿ ಇದು. ತುಂಬಾ ದೋಣಿಗಳಲ್ಲಿ ಇದು ಡೆಕ್ಕನ್ನು ತೂರಿಕೊಂಡು ಒಳಗೆ ಹೋಗುತ್ತದೆ. ಮೇಲೆ ಕಾಣುವ ಭಾಗ ಚೆಂದ, ಒಳಗೆ ಬೀರುವಿನ ಹಿಂದೆ ಕಾಣುವ ಭಾಗವೂ ಚೆಂದ. ಡೆಕ್ಕಿನ ದಪ್ಪದೊಳಗೆ, ನೀರು ತಡೆಯಲು ಹಾಕಿದ ಅಂಟಿನ, ಅಂದರೆ ಸೀಲೆಂಟಿನ, ನಡುವೆ ಅವಿತಿರುವ ಎರಡು ಮೂರು ಸೆಂಟಿಮೀಟರ್ ಮಾತ್ರ ಯಾರಿಗೂ ಕಾಣುವುದಿಲ್ಲ. ಸೀಲೆಂಟ್ ಎಲ್ಲೋ ಒಂದು ಕಡೆ ಬಿಟ್ಟುಕೊಂಡು ನೀರು ಒಳಗಿಳಿದರೆ ಅಲ್ಲಿ ಗಾಳಿಯಿಲ್ಲ, ಉಪ್ಪಿದೆ, ಎಳೆತವಿದೆ. ಹೊಸ ತಂತಿಗೆ ಅಷ್ಟು ಖರ್ಚು ಮಾಡಿ ಹಳೆಯ ಚೈನ್‌ಪ್ಲೇಟ್ ಅನ್ನು ಹೊರಗೆ ತೆಗೆಯದೆ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೆಲಸ ಕಷ್ಟ, ಒಳಗಿನ ಮರಗೆಲಸ ಕಿತ್ತುಹಾಕಬೇಕಾಗಬಹುದು, ಆದರೂ ತೆಗೆಯಲೇಬೇಕು.

ತೆಗೆದ ಮೇಲೆ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿ. ಪಟ್ಟಿಯನ್ನು ಚೆನ್ನಾಗಿ ತೊಳೆದು ಒಣಗಿಸಿ ಕೆಂಪು ಬಣ್ಣದ ದ್ರವ ಬಳಿಯುತ್ತಾರೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸುತ್ತಾರೆ, ಆಮೇಲೆ ಬಿಳಿ ಡೆವಲಪರ್ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದ ಕೆಂಪು ಮೆಲ್ಲಗೆ ಮೇಲೆ ಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಹೆಚ್ಚಾಗಿ ಬೋಲ್ಟಿನ ತೂತಿನ ಅಂಚಿನಿಂದ, ಇಲ್ಲವೇ ಡೆಕ್ಕಿನ ಮಟ್ಟದಲ್ಲಿ ಅಡ್ಡಕ್ಕೆ. ಗೆರೆ ಕಂಡರೆ ಬೆಸುಗೆ ಹಾಕಿಸುವ ಯೋಚನೆ ಬೇಡ, ಹೊಸದು ಮಾಡಿಸಿ. 316 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿಸಿ, ವಿದ್ಯುತ್ತಿನಿಂದ ಮೈ ನುಣುಪು ಮಾಡುವ ಎಲೆಕ್ಟ್ರೋಪಾಲಿಶ್ ಮಾಡಿಸಿದರೆ ಗುಳಿ ಬೀಳಲು ಜಾಗ ಕಡಿಮೆ. ಟೈಟೇನಿಯಂ ಇನ್ನೂ ಒಳ್ಳೆಯದು, ಕಡಲ ನೀರಿನ ಸಂದಿಗೂ ಅದು ಜಗ್ಗುವುದಿಲ್ಲ, ದುಡ್ಡು ಮಾತ್ರ ಜಾಸ್ತಿ.

ಇನ್ನು ಹೊಸ ತಂತಿ ಯಾವುದು? ಬಿಸಿ ಕಡಲಿಗೆ 304ಕ್ಕಿಂತ 316 ವಾಸಿ, ಯಾಕಂದರೆ ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡನ್ನು ತಡೆಯುವ ಶಕ್ತಿ ಅದರಿಂದ ಬರುತ್ತದೆ. ಅದೇ ದಪ್ಪದ 304 ತಂತಿಗೆ ಬಲ ಸ್ವಲ್ಪ ಹೆಚ್ಚು, ಆದರೂ 316 ಸಾಕು. ಹಾಗಾದರೆ ಒಂದು ಸೈಜು ದಪ್ಪದ್ದೇ ಹಾಕೋಣ ಅಂತ ಕೆಲವರು ಹೊರಡುತ್ತಾರೆ. 6 ಮಿ.ಮೀ. ಬದಲು 7 ಮಿ.ಮೀ. ಹಾಕಿದರೆ ಲೋಹ 36 ಶೇಕಡಾ ಜಾಸ್ತಿ, ಬಲವೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ, ಆದರೆ ಅಷ್ಟೇ ತೂಕವೂ ಮೇಲಕ್ಕೆ ಏರುತ್ತದೆ, ಪಿನ್ನು, ತಂತಿಯನ್ನು ತಿರುಪಿನಿಂದ ಬಿಗಿಯುವ ಟರ್ನ್‌ಬಕಲ್, ಚೈನ್‌ಪ್ಲೇಟಿನ ತೂತು ಎಲ್ಲವೂ ಬದಲಾಗಬೇಕು. ದೋಣಿ ಕಟ್ಟಿದವರು ಲೆಕ್ಕ ಹಾಕಿ ಕೊಟ್ಟ ದಪ್ಪವನ್ನೇ ಇಟ್ಟುಕೊಂಡು ಬೇಗ ಬೇಗ ಬದಲಾಯಿಸುವುದು ಉತ್ತಮ ಅನ್ನುವುದು ನನ್ನ ಪಕ್ಷ.

ಡೈನೀಮಾ ಅನ್ನುವ ಗಟ್ಟಿ ಕೃತಕ ನಾರಿನ ಹಗ್ಗವನ್ನೇ ತಂತಿಯ ಬದಲು ಹಾಕುವವರೂ ಇದ್ದಾರೆ. ತುಕ್ಕಿನ ಮಾತೇ ಇಲ್ಲ, ನೀರಿನ ಮೇಲೆ ತೇಲುವಷ್ಟು ಹಗುರ, ಕಡಲ ನಡುವೆ ಕುಳಿತು ತಾವೇ ಹೆಣೆದು ಜೋಡಿಸಬಹುದು. ಆದರೆ ಅದಕ್ಕೆ ಬೇರೆ ರೋಗಗಳಿವೆ. ಎಳೆತದಲ್ಲಿಟ್ಟರೆ ವರ್ಷಗಟ್ಟಲೆ ಮೆಲ್ಲಗೆ ಉದ್ದವಾಗುತ್ತ ಹೋಗುತ್ತದೆ, ಬಿಸಿ ಹೆಚ್ಚಿದಷ್ಟೂ ಇದು ಹೆಚ್ಚು. ಬಿಸಿಲು ಹೊರಪದರವನ್ನು ತಿನ್ನುತ್ತದೆ, ಉಜ್ಜಿದರೆ ಸವೆಯುತ್ತದೆ. ಹರಿಯದಿರುವುದಕ್ಕಿಂತ ಹಿಗ್ಗದಿರುವುದು ಮುಖ್ಯವಾದ್ದರಿಂದ ಬಲಕ್ಕೆ ಬೇಕಾದ್ದಕ್ಕಿಂತ ದಪ್ಪನೆಯದನ್ನೇ ಹಾಕಬೇಕಾಗುತ್ತದೆ.

ಕೆಲಸ ಶುರು ಮಾಡುವ ಮುಂಚೆ ಮಾಸ್ಟ್ ಇಳಿಸಬೇಕೋ ನಿಂತಲ್ಲೇ ಮಾಡಬೇಕೋ ಅಂತ ನಿರ್ಧರಿಸಿ. ಕ್ರೇನ್ ಸಿಗುವ ಜಾಗವಾದರೆ ಇಳಿಸಿ. ನೆಲದ ಮೇಲೆ ಮಲಗಿದ ಮಾಸ್ಟ್ ಎಲ್ಲವನ್ನೂ ತೋರಿಸುತ್ತದೆ: ಶ್ರೌಡ್‌ಗಳನ್ನು ಹೊರಕ್ಕೆ ಚಾಚಿ ಹಿಡಿಯುವ ಅಡ್ಡಕೋಲಿನ, ಅಂದರೆ ಸ್ಪ್ರೆಡರಿನ, ಬುಡ, ತುದಿಯ ಪುಲ್ಲಿಗಳು, ಅಲ್ಯೂಮಿನಿಯಮ್ಮಿಗೆ ಸ್ಟೇನ್‌ಲೆಸ್ ತಿರುಪು ಕಚ್ಚಿದ ಕಡೆ ಬಣ್ಣ ಗುಳ್ಳೆ ಎದ್ದು ಬಿಳಿಪುಡಿ ಉದುರುವುದು. ಈ ಎರಡು ಲೋಹ ಉಪ್ಪುನೀರಿನಲ್ಲಿ ಮುಟ್ಟಿಕೊಂಡರೆ ಅಲ್ಯೂಮಿನಿಯಂ ಕರಗುತ್ತದೆ. ತಿರುಪು ಮತ್ತೆ ಹಾಕುವಾಗ ಟೆಫ್-ಜೆಲ್ ಅಥವಾ ಡ್ಯೂರಾಲಾಕ್‌ನಂಥ ಲೇಪ ಹಚ್ಚುವುದನ್ನು ಮರೆಯಬೇಡಿ. ಕ್ರೇನ್ ಇಲ್ಲದ ಜಾಗದಲ್ಲಿ ನಿಂತಲ್ಲೇ ಮಾಡಬಹುದು, ಆದರೆ ಒಮ್ಮೆಗೆ ಒಂದೇ ತಂತಿ. ಬಿಚ್ಚುವ ಬದಿಗೆ ಮೊದಲೇ ಹ್ಯಾಲಿಯರ್ಡ್, ಅಂದರೆ ಹಾಯಿ ಏರಿಸುವ ಹಗ್ಗವನ್ನು, ಡೆಕ್ಕಿನ ಗಟ್ಟಿ ಜಾಗಕ್ಕೆ ಬಿಗಿದಿರಬೇಕು. ಡೆಕ್ಕಿನ ಮೇಲೆಯೇ ಕೂತಿರುವ ಮಾಸ್ಟ್ ಆದರೆ ಇನ್ನೂ ಹುಷಾರು. ದೋಣಿಯ ತಳದವರೆಗೆ ಇಳಿದ ಮಾಸ್ಟಿಗೆ ಡೆಕ್ಕಿನ ತೂತಾದರೂ ಆಸರೆ ಕೊಡುತ್ತದೆ, ಇದಕ್ಕೆ ತಂತಿ ಬಿಟ್ಟರೆ ಬೇರೆ ದಿಕ್ಕಿಲ್ಲ.

ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಪ್ರತಿ ಟರ್ನ್‌ಬಕಲ್ಲಿನಲ್ಲಿ ಎಷ್ಟು ಸುತ್ತು ತಿರುಪು ಕಾಣುತ್ತಿದೆ ಎಣಿಸಿ ಬರೆದಿಡಿ. ಎಡ, ಬಲ, ಮೇಲು, ಕೆಳಗು ಅಂತ ಚೀಟಿ ಕಟ್ಟಿ. ಉದ್ದವನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಬೇಕು, ತಂತಿಯನ್ನು ನೇರ ಎಳೆದು ಹಿಡಿದು. ಟರ್ನ್‌ಬಕಲ್ ಅರ್ಧ ತೆರೆದಿರುವಾಗ ಸರಿಹೋಗುವಂತೆ ಹೊಸದರ ಉದ್ದ ಇಟ್ಟುಕೊಳ್ಳಿ, ಆಗ ಎರಡೂ ಕಡೆಗೆ ಹೊಂದಿಸಲು ಜಾಗ ಇರುತ್ತದೆ. ಮುಂದಿನ ಹಾಯಿಯನ್ನು ಸುತ್ತಿಡುವ ರೋಲರ್ ಫರ್ಲರ್ ಇದ್ದರೆ ಫೋರ್‌ಸ್ಟೇ ಅದರ ಕೊಳವೆಯೊಳಗೆ ಅಡಗಿರುತ್ತದೆ. ಕಾಣುವುದಿಲ್ಲ ಅಂತ ಅದನ್ನೇ ಬಿಟ್ಟುಬಿಡಬೇಡಿ.

ತುದಿಗಳ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ. ಮೇಲ್ತುದಿಗೆ ಸ್ವೇಜ್ ಇರಲಿ, ಕೆಳತುದಿಗೆ ಸ್ಟಾ-ಲಾಕ್‌ನಂಥ ಬಿಚ್ಚಿ ಜೋಡಿಸುವ ಟರ್ಮಿನಲ್ ಹಾಕಿ. ಎರಡು ಸ್ಪ್ಯಾನರ್ ಇದ್ದರೆ ಯಾರು ಬೇಕಾದರೂ ಕೂರಿಸಬಹುದು. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ ತಂತಿಯನ್ನು ಚೊಕ್ಕವಾಗಿ ಕತ್ತರಿಸಿ. ಗ್ರೈಂಡರ್ ಬಳಸುವುದಾದರೆ ಡೆಕ್ಕಿನಿಂದ ದೂರ ಹೋಗಿ, ಅದರ ಕಿಡಿ ಬಿದ್ದ ಕಡೆಯೆಲ್ಲ ಮರುದಿನ ಕಂದು ಚುಕ್ಕಿ ಏಳುತ್ತದೆ. ಟರ್ಮಿನಲ್ಲಿನ ಮೇಲಿನ ತುಂಡನ್ನು ಮೊದಲೇ ತಂತಿಗೆ ಪೋಣಿಸಿ. ಇದನ್ನು ಮರೆತು ಎಲ್ಲ ಜೋಡಿಸಿದ ಮೇಲೆ ನೆನಪಾಗುವುದು ಉಂಟು. ಆಮೇಲೆ ಹೊರಗಿನ 12 ಎಳೆಗಳನ್ನು ಸುರುಳಿ ಬಿಚ್ಚಿ ಹೂವಿನಂತೆ ಅರಳಿಸಿ, ಒಳಗಿನ 7 ಎಳೆಗಳ ಕಟ್ಟಿಗೆ ಪುಟ್ಟ ಕೋನ್ ಒಂದನ್ನು ತೊಡಿಸಿ, ನಡುಕಟ್ಟಿನ ತುದಿ ಕೋನಿನಿಂದ ಒಂದೆರಡು ಮಿ.ಮೀ. ಮಾತ್ರ ಇಣುಕಲಿ. ಈಗ 12 ಎಳೆಗಳನ್ನು ಮತ್ತೆ ಅವುಗಳ ಸುರುಳಿಯ ದಿಕ್ಕಿನಲ್ಲೇ ಕೋನಿನ ಸುತ್ತ ಮಲಗಿಸಬೇಕು, ನಡುವಿನ ಅಂತರ ಒಂದೇ ಸಮ ಇರಬೇಕು. ಕೋನಿನಲ್ಲಿರುವ ಸೀಳಿನೊಳಗೆ ಒಂದು ಎಳೆಯೂ ಬೀಳಬಾರದು, ಬಿದ್ದರೆ ಹಿಡಿತ ಹೋಗುತ್ತದೆ. ಒಮ್ಮೆ ಬಿಗಿದು, ಬಿಚ್ಚಿ, ಎಳೆಗಳು ಸಮವಾಗಿ ಬಾಗಿವೆಯಾ ಕಣ್ಣಾರೆ ನೋಡಿ. ಸರಿ ಇದ್ದರೆ ಒಳಗೆ ಸೀಲೆಂಟ್ ತುಂಬಿ ಮತ್ತೆ ಬಿಗಿಯಿರಿ. ತಂತಿ ಒಳಹೋಗುವ ಬಾಯಿಯಿಂದ ಸೀಲೆಂಟ್ ಉಕ್ಕಿ ಹೊರಬರಬೇಕು. ಆ ಲೋಟದಲ್ಲಿ ಈಗ ನೀರಿಗೆ ಜಾಗವೇ ಇಲ್ಲ. ಸ್ವೇಜಿನಲ್ಲಿ ಸಿಗದ ಲಾಭ ಇದೇ.

ಟರ್ನ್‌ಬಕಲ್ ಕಂಚಿನ ಮೈಯದ್ದಾದರೆ ಒಳ್ಳೆಯದು. ಸ್ಟೇನ್‌ಲೆಸ್ ತಿರುಪು ಸ್ಟೇನ್‌ಲೆಸ್ ಮೈಯಲ್ಲಿ ಭಾರದಡಿ ತಿರುಗಿದರೆ ಕಚ್ಚಿಕೊಂಡು ಒಂದೇ ತುಂಡಾಗಿಬಿಡಬಹುದು. ಯಾವುದೇ ಇರಲಿ, ಲ್ಯಾನೋಲಿನ್ ಅಥವಾ ಗ್ರೀಸ್ ಹಚ್ಚಿ. ತುದಿಗಳಲ್ಲಿ ಟಾಗಲ್ ಅನ್ನುವ ಕೀಲು ಇರಲಿ, ಎಳೆತ ಓರೆಯಾದಾಗ ಅದು ತಿರುಗಿಕೊಳ್ಳುತ್ತದೆ, ಇಲ್ಲದಿದ್ದರೆ ತಿರುಪು ಬಾಗುತ್ತದೆ. ಪಿನ್ನು, ತಿರುಪು ತಾನಾಗಿ ಕಳಚದಂತೆ ತಡೆಯುವ ಕಾಟರ್ ಪಿನ್ನುಗಳನ್ನು ಎರಡನೇ ಸಲ ಬಳಸಬೇಡಿ, ಕಾಲುಗಳನ್ನು ಸ್ವಲ್ಪ ಅಗಲಿಸಿದರೆ ಸಾಕು. ಮುಗಿದ ಮೇಲೆ ಚೆಂದ ಕಾಣಲಿ ಅಂತ ಟರ್ನ್‌ಬಕಲ್ಲಿಗೆ ಚರ್ಮದ ಚೀಲ, ಪ್ಲಾಸ್ಟಿಕ್ ಕೊಳವೆ ತೊಡಿಸುವ ರೂಢಿಯಿದೆ. ದಯವಿಟ್ಟು ಬೇಡ. ಗಾಳಿ ಆಡದಂತೆ ಮುಚ್ಚಿ ಉಪ್ಪುನೀರು ಹಿಡಿದಿಡುವ ಸಂದನ್ನು ನಾವೇ ದುಡ್ಡು ಕೊಟ್ಟು ತಂದ ಹಾಗಾಗುತ್ತದೆ. ಪಿನ್ನಿನ ಚೂಪು ತುದಿಗೆ ಒಂದು ಸುತ್ತು ಟೇಪ್ ಇರಲಿ, ಅಷ್ಟೇ.

ಬಿಗಿ ನೋಡಲು ಮೀಟರ್ ಇಲ್ಲದಿದ್ದರೆ ಒಂದು ಸರಳ ಉಪಾಯವಿದೆ. ತಂತಿ ಸಡಿಲ ಇರುವಾಗಲೇ 2 ಮೀಟರ್ ಉದ್ದದ ಒಂದು ಪಟ್ಟಿಯ ಮೇಲ್ತುದಿಯನ್ನು ತಂತಿಗೆ ಟೇಪಿನಿಂದ ಕಟ್ಟಿ, ಕೆಳತುದಿ ಟರ್ಮಿನಲ್ಲಿನ ನೆತ್ತಿಗೆ ಮುಟ್ಟಿರಲಿ. ಬಿಗಿಯುತ್ತ ಹೋದಂತೆ ತಂತಿ ಹಿಗ್ಗಿ ಪಟ್ಟಿಯ ಕೆಳಗೆ ಸಂದು ಬಿಡುತ್ತದೆ. 1×19 ತಂತಿಯಲ್ಲಿ 1 ಮಿ.ಮೀ. ಸಂದು ಅಂದರೆ ತಂತಿ ಹರಿಯುವ ಭಾರದ 5 ಶೇಕಡಾ ಎಳೆತ. ಮಾಸ್ಟಿನ ತುದಿಯಿಂದ ಬರುವ ಶ್ರೌಡ್‌ಗಳಿಗೆ 3ರಿಂದ 4 ಮಿ.ಮೀ., ಅಂದರೆ 15ರಿಂದ 20 ಶೇಕಡಾ, ಸಾಮಾನ್ಯವಾಗಿ ಸರಿ. ಎಡಬದಿಯದನ್ನು ನಾಲ್ಕು ಸುತ್ತು ತಿರುಗಿಸಿದರೆ ಬಲಬದಿಯದನ್ನೂ ನಾಲ್ಕು, ಹೀಗೆ ಸ್ವಲ್ಪ ಸ್ವಲ್ಪವೇ ಏರಿಸಿ. ಇದನ್ನು ಬೆಳಗ್ಗೆ ಬಿಸಿಲೇರುವ ಮುಂಚೆ ಮಾಡಿ. 15 ಮೀಟರಿನ ಅಲ್ಯೂಮಿನಿಯಂ ಮಾಸ್ಟ್ 20 ಡಿಗ್ರಿ ಬಿಸಿಯಾದರೆ ಸುಮಾರು 7 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಉದ್ದದ ಉಕ್ಕಿನ ತಂತಿ 5 ಮಿ.ಮೀ. ಮಾತ್ರ. ಆ ವ್ಯತ್ಯಾಸ ಬಿಗಿಯಾಗಿ ಬರುತ್ತದೆ, ಬಿಸಿಲು ಒಂದೇ ಬದಿಗೆ ಬೀಳುತ್ತಿದ್ದರೆ ಅಳತೆ ಇನ್ನೂ ದಾರಿ ತಪ್ಪುತ್ತದೆ. ಆಮೇಲೆ ಹಾಯಿ ಏರಿಸಿ ಹೊರಟು ನೋಡಿ: ದೋಣಿ 20 ಡಿಗ್ರಿಯಷ್ಟು ವಾಲಿದಾಗ ಗಾಳಿಯ ಆಚೆ ಬದಿಯ ಶ್ರೌಡ್ ಜೋಲಾಡಬಾರದು. ಹೊಸ ತಂತಿಯ ಎಳೆಗಳು ಒಂದಕ್ಕೊಂದು ಒತ್ತಿ ಕೂರಲು ಕೆಲವು ವಾರ ಬೇಕು, ಆಮೇಲೆ ಹಾಕಿದ್ದ ಕಾಟರ್ ಪಿನ್ ತೆಗೆದು ಇನ್ನೊಮ್ಮೆ ಬಿಗಿ ನೋಡಿ ಹೊಸದನ್ನು ಹಾಕಿ ಮುಗಿಸಿ.

ಇದಾದ ಮೇಲೆ ಮಾಡಬೇಕಾದ್ದು ಬಹಳ ಕಡಿಮೆ. ಕಡಲಿನಿಂದ ಬಂದಾಗೆಲ್ಲ ಸಿಹಿನೀರಿನಲ್ಲಿ ಕೆಳತುದಿಗಳನ್ನು ತೊಳೆಯಿರಿ, ಮಳೆ ಇಲ್ಲದ ತಿಂಗಳುಗಳಲ್ಲಂತೂ ತಪ್ಪದೆ. ಕಂದು ಕಲೆ ತೆಗೆಯಲು ಸ್ಟೀಲ್ ವುಲ್ ಮುಟ್ಟಬೇಡಿ, ಅದರ ಕಬ್ಬಿಣದ ಚೂರುಗಳು ಅಲ್ಲೇ ಉಳಿದು ಹೊಸ ತುಕ್ಕಿಗೆ ಬೀಜವಾಗುತ್ತವೆ. ವರ್ಷಕ್ಕೆ ಎರಡು ಸಲ ಭೂತಗನ್ನಡಿ ಹಿಡಿದು ಮೇಲಿಂದ ಕೆಳಗೆ ಒಂದು ಸುತ್ತು ನೋಡಿ. ದೋಣಿಯ ಅತಿ ಉದ್ದದ ತಂತಿಯಷ್ಟೇ ಉದ್ದದ ಒಂದು ಹೊಸ ತಂತಿ, ಎರಡು ಬಿಚ್ಚಿ ಜೋಡಿಸುವ ಟರ್ಮಿನಲ್, ಅದರ ಹೆಚ್ಚುವರಿ ಕೋನ್‌ಗಳು ದೋಣಿಯಲ್ಲಿ ಯಾವಾಗಲೂ ಇರಲಿ. ನಡುಗಡಲಲ್ಲಿ ಗಾಳಿ ಬರುವ ಬದಿಯ ಶ್ರೌಡ್ ಹರಿದರೆ ತಂತಿ ಹುಡುಕಲು ಓಡಬೇಡಿ. ಮೊದಲು ದೋಣಿಯನ್ನು ತಿರುಗಿಸಿ ಗಾಳಿಯನ್ನು ಇನ್ನೊಂದು ಬದಿಗೆ ತನ್ನಿ. ಭಾರ ಗಟ್ಟಿ ಇರುವ ತಂತಿಗಳ ಮೇಲೆ ಹೋಗುತ್ತದೆ. ಆಮೇಲೆ ಹಾಯಿ ಇಳಿಸಿ, ಹರಿದ ಬದಿಗೆ ಹ್ಯಾಲಿಯರ್ಡ್ ಬಿಗಿದು, ನಿಧಾನವಾಗಿ ಸ್ಪ್ಯಾನರ್ ಹುಡುಕಬಹುದು.